ಒಣ ಕುಣಿ

ಹುಲಿಗೆಪ್ಪನ ಎದೆಯ ಮೇಲೆ ಮೂರು ಕಲ್ಲು ಇಟ್ಟರು. ಇಡದಿದ್ದರೆ ಹೆಣ ತೇಲುತ್ತಿತ್ತು.

ಹೋದ ಶ್ರಾವಣದ ಮಾತು. ಕೇರಿಯ ಮಸಣದಲ್ಲಿ ಮೊಣಕಾಲುದ್ದ ಅಗೆಯುವುದರೊಳಗೆ ನೀರು ಒಸರಿತು. ಬಕೀಟಿನಿಂದ ಮೊಗೆದರು. ಮೊಗೆದಷ್ಟೂ ಬಂತು. ಹೊತ್ತು ಇಳಿದಿತ್ತು. ಹೆಣವನ್ನು ಇನ್ನೆಲ್ಲಿಗೆ ಒಯ್ಯುವುದು? ಇಳಿಸಿದರು. ಬುಳುಕ್ ಎಂದಿತು. ಮಣ್ಣು ಎಳೆಯುವ ಮೊದಲೇ ಒಂದು ಭುಜ ಮೇಲಕ್ಕೆದ್ದಿತು, ನಿದ್ದೆಯಲ್ಲಿ ಮಗ್ಗುಲಾದವರ ಹಾಗೆ. ತಮ್ಮ ಕೆಂಚಪ್ಪ ಕಾಲುವೆಯ ಒಡೆದ ದಂಡೆಯಿಂದ ಕಲ್ಲು ಹೊತ್ತು ತಂದ. ಎರಡು ಇಟ್ಟ. ಮೂರನೆಯದನ್ನು ಅಂಚಿಗೆ ಇಳಿಸಿ ಅತ್ತ ತಿರುಗಿದ. ಅದನ್ನು ಮರೆವ್ವ ಇಟ್ಟಳು. ಹೆಂಡತಿ. ಮೂವತ್ತೊಂದು ವರ್ಷ ಅದೇ ಎದೆಗೆ ತಲೆ ಕೊಟ್ಟು ಮಲಗಿದವಳು.

ಅಂದಿನಿಂದ ಅವಳು ಕೊಡ ಮುಳುಗಿಸಿ ನೀರು ತುಂಬುವುದಿಲ್ಲ. ತಂಬಿಗೆಯಿಂದ ಸುರಿದು ತುಂಬುತ್ತಾಳೆ. ಕೊಡದ ಬಾಯಿಗೆ ನೀರು ನುಗ್ಗುವ ಸಪ್ಪಳ ಕೇಳಿದರೆ ಅಂಗೈ ಭಾರವಾಗುತ್ತದೆ. ಖಾಲಿ ಕೈ, ಕಲ್ಲು ಹಿಡಿದಷ್ಟು ಭಾರ. ಕಂಡವರ ಹೊಲದಲ್ಲಿ ಕಸ ತೆಗೆಯುವಾಗ, ನಡುಹಗಲಲ್ಲಿ, ಅವನು ಬಾಜುವಿಗೆ ಬಂದು ನಿಲ್ಲುತ್ತಾನೆ. ಮಾತಾಡುವುದಿಲ್ಲ. ಅಂಗಿ ಹಸಿ. ಹುಬ್ಬಿನ ಮೇಲೆ ಉಪ್ಪು ಕಟ್ಟಿದೆ. ಮರೆವ್ವ ಕತ್ತೆತ್ತಿ ನೋಡುವುದರೊಳಗೆ ಇರುವುದಿಲ್ಲ. ಅವನು ನಿಂತಿದ್ದಲ್ಲಿ ಎರೆ ಮಣ್ಣು ಬಿರುಕು ಬಿಟ್ಟುಕೊಂಡು ಒಣಗಿಯೇ ಇರುತ್ತದೆ.

ಮಸಣದ ನೀರು ಮಳೆಯದಲ್ಲ. ಮೇಲ್ಬದಿಯ ಅರವತ್ತು ಎಕರೆ ಎರೆ ಹೊಲ ಶಂಭುಲಿಂಗಪ್ಪನದು. ಕಾಲುವೆ ಬಂದಂದಿನಿಂದ ಆ ಹೊಲ ಕುಡಿದೇ ಕುಡಿಯಿತು. ಹತ್ತಿಗೆ ನೀರು, ಗೋವಿನಜೋಳಕ್ಕೆ ನೀರು, ಬೇಕಾದಾಗ ನೀರು, ಬೇಡಾದಾಗಲೂ ನೀರು. ಎರೆ ಮಣ್ಣು ಕುಡಿದದ್ದನ್ನು ಬಿಟ್ಟುಕೊಡುವುದಿಲ್ಲ. ನೆಲದೊಳಗಿನ ನೀರು ವರ್ಷವರ್ಷ ಏರಿತು. ಏರುವಾಗ ತಳದ ಉಪ್ಪನ್ನೆಲ್ಲ ಹೊತ್ತು ತಂದಿತು. ಒಂದು ಬೇಸಗೆ ಹೊಲ ಬೆಳ್ಳಗಾಯಿತು. ಸವಳು ಬಿತ್ತು. ಬಿತ್ತಿದ್ದು ಮೊಳೆಯಲಿಲ್ಲ. ಆಗ ಅವನು ನೆಲದಡಿಗೆ ತೂತಿನ ಪೈಪು ಹಾಕಿಸಿದ. ಪೈಪು ಸವಳು ನೀರನ್ನು ಬಸಿದು ಹೊರಗೆ ಹಾಕುತ್ತದೆ. ಹೊರಗೆ ಎಂದರೆ ಎಲ್ಲಿ? ನಕಾಶೆ ಹಿಡಿದು ಬಂದಿದ್ದ ಸಾಹೇಬ ತಗ್ಗಿನ ಕಡೆ ಬೆರಳು ಮಾಡಿದ. ಕಾಗದದಲ್ಲಿ ಆ ತುಂಡು ನೆಲಕ್ಕೆ ‘ಖರಾಬು’ ಎಂದು ಬರೆದಿತ್ತು. ಯಾರಿಗೂ ಬೇಡಾದ ನೆಲ. ಅಲ್ಲಿ ಕೇರಿಯ ಐದು ತಲೆಮಾರು ಮಲಗಿತ್ತು. ನಕಾಶೆಗೆ ಅದು ಗೊತ್ತಿರಲಿಲ್ಲ. ಶಂಭುಲಿಂಗಪ್ಪನಿಗೆ ಗೊತ್ತಿತ್ತು.

ಹೊಲ ಹಸಿರಾಯಿತು. ಮಸಣದ ಬೇವು ನಿಂತಲ್ಲೇ ಸತ್ತಿತು. ಹೂಳಿದ ದಿಬ್ಬಗಳು ಒಂದೊಂದಾಗಿ ಕುಸಿದವು.

ಮರೆವ್ವ ಅರ್ಜಿ ಬರೆಸಿಕೊಂಡು ಕಚೇರಿಗೆ ಹೋದಳು. ಜಾಗ ನಿಮ್ಮದೆನ್ನಲು ಉತಾರದ ಕಾಗದ ಎಲ್ಲಿದೆ ಎಂದು ಅಲ್ಲಿಯವನು ಕೇಳಿದ.

“ನಮ್ಮ ಮಂದೀ ಎಲುಬ ನಮ್ಮ ಉತಾರ್ರಿ,” ಎಂದಳು. “ಅಗದ ತಂದ ಕೊಡ್ಲೇನು?”

ಅವನು ನಕ್ಕ. ಅರ್ಜಿಯ ಮೇಲೆ ಚಹದ ಕಪ್ಪು ಇಟ್ಟ.

ಕೊನೆಗೆ ಶಂಭುಲಿಂಗಪ್ಪನ ಅಂಗಳಕ್ಕೇ ಹೋದಳು. ಅವನು ಕಟ್ಟೆಯ ಮೇಲೆ ನಾಲ್ಕು ಮಂದಿಯ ನಡುವೆ ಕೂತಿದ್ದ. ಅವಳು ಕೆಳಗೆ ನಿಂತು ಹೇಳಿದಳು. ಪೈಪಿನ ಬಾಯಿ ಬೇರೆ ಕಡೆ ತಿರುಗಿಸಿರಿ, ಹಳ್ಳದವರೆಗೆ ಒಯ್ಯಿರಿ, ನಮ್ಮವರು ನೀರಿನಲ್ಲಿ ಕೊಳೆಯುತ್ತಿದ್ದಾರೆ.

“ಸತ್ತವರಿಗೆ ಹಸೀ ಏನು, ಒಣಾ ಏನಬೇ?” ಎಂದ ಶಂಭುಲಿಂಗಪ್ಪ. “ನೆಗಡಿ ಆಕ್ಕೈತೇನು?”

ಕಟ್ಟೆ ನಕ್ಕಿತು. ಎಲೆ ಅಡಿಕೆ ಜಗಿಯುತ್ತಿದ್ದವನೊಬ್ಬ ನಗುವ ಭರಕ್ಕೆ ಕೆಮ್ಮಿದ. ಮರೆವ್ವ ಸೆರಗು ಸರಿಮಾಡಿಕೊಂಡು ಹಿಂದಿರುಗಿದಳು. ಹುಲಿಗೆಪ್ಪ ಬಾಜುವಿಗೆ ನಡೆದು ಬಂದ, ಓಣಿಯ ತಿರುವಿನ ತನಕ.

ಶಿವರಾತ್ರಿ ಕಳೆದು ಎಂಟು ದಿನಕ್ಕೆ ಶಂಭುಲಿಂಗಪ್ಪನ ತಾಯಿ ಸುಶೀಲವ್ವ ತೀರಿಕೊಂಡಳು. ತೊಂಬತ್ತು ದಾಟಿದ ಜೀವ. ಮೊಮ್ಮಗ ಹೇಮಂತ ಕೇರಿಯ ಅಂಚಿಗೆ ಬಂದು ಗಾಡಿಯಿಂದ ಇಳಿಯದೆ ಹಾರ್ನ್ ಬಾರಿಸಿದ.

“ಮರೆವ್ವಾ, ನಮ್ಮ ಆಯಿ ಹೋದ್ಲು. ದಿಬ್ಬದ ಮ್ಯಾಲ ಕುಣಿ ಆಗಬೇಕು. ಮೂರು ಗಂಟೆ ಅನ್ನೂದ್ರಾಗ.”

ಅವನ ಕೈಯಲ್ಲಿ ಒಂದು ಜೋಳದ ದಂಟು ಇತ್ತು. ಮುದುಕಿಯ ಪಾದದ ಉದ್ದಕ್ಕೆ ಮುರಿದದ್ದು. ಊರ ದೊಡ್ಡವರ ಕುಣಿಯನ್ನು ಸತ್ತವರ ಪಾದದಿಂದಲೇ ಅಳೆಯಬೇಕು, ಒಂಬತ್ತು ಪಾದ ಉದ್ದ, ಒಂಬತ್ತು ಪಾದ ಅಗಲ. ಆ ಅಳತೆ ಹುಲಿಗೆಪ್ಪನ ಮನೆಗೆ ಬಿಟ್ಟದ್ದು. ಅವನ ಅಪ್ಪ ಅಗೆದ, ಅಜ್ಜ ಅಗೆದ. ಅವನು ಹೋದ ಮೇಲೆ ಇದು ಮೊದಲ ಕರೆ.

“ಜೆಸಿಬಿ ತರಸ್ರಲ್ರಿ,” ಎಂದ ಕೆಂಚಪ್ಪ ಮೆಲ್ಲಗೆ.

“ಜೆಸಿಬಿಗೆ ಪಾದದ ಲೆಕ್ಕ ತಿಳೀತೈತೇನಲೇ? ನಡಿ, ನಡಿ.” ದಂಟನ್ನು ನೆಲಕ್ಕೆ ಎಸೆದು ಹೇಮಂತ ಗಾಡಿ ತಿರುಗಿಸಿದ.

ಮರೆವ್ವ ದಂಟು ಎತ್ತಿಕೊಂಡಳು.

ದಿಬ್ಬ ಊರಿನ ಉತ್ತರಕ್ಕೆ, ಮೊರಬಕ್ಕೆ ಹೋಗುವ ರಸ್ತೆಯ ಮಗ್ಗುಲಿಗೆ. ಅಲ್ಲಿ ಗರಸು ಬೆರೆತ ಕೆಂಪು ಮಣ್ಣು. ಕೆಂಚಪ್ಪ ಹಾರೆ ಹಾಕಿದ, ಮರೆವ್ವ ಸಲಿಕೆಯಿಂದ ಬಳಿದು ಬುಟ್ಟಿ ತುಂಬಿದಳು. ಮೊಣಕಾಲಿನಷ್ಟು ಇಳಿದಾಗ ಅವಳ ಕೈ ತಾನಾಗಿಯೇ ನಿಂತಿತು. ಈಗ ಬರುತ್ತದೆ ಎಂದು ಕಾಯಿತು. ಬರಲಿಲ್ಲ. ಸೊಂಟದಷ್ಟು ಇಳಿದರು. ಬರಲಿಲ್ಲ. ಎದೆಯಷ್ಟು. ಸಲಿಕೆಯ ತುದಿಗೆ ಬೆಚ್ಚನೆಯ ಪುಡಿಮಣ್ಣು. ಅವಳು ಒಂದು ಹೆಂಟೆ ಎತ್ತಿ ಹಿಚುಕಿದಳು. ಬೆರಳ ಸಂದಿಯಿಂದ ಹಿಟ್ಟಿನ ಹಾಗೆ ಉದುರಿತು. ಮೈಯೆಲ್ಲ ಬೆವರು, ಅಂಗೈಯ ಬೊಬ್ಬೆ ಒಡೆದು ಹಿಡಿಕೆಗೆ ರಕ್ತ ಹತ್ತಿತ್ತು. ಆದರೂ ಅವಳಿಗೆ ಚಳಿ ಹತ್ತಿತು.

“ಏನಾತು ವೈನಿ?”

“ಏನಿಲ್ಲ. ಅಗಿ.”

ಆಳುದ್ದ ಇಳಿದ ಮೇಲೆ ಗೋಡೆಯಲ್ಲಿ ಗೂಡು ಕೊರೆಯಬೇಕು. ಆ ಜನ ಹೆಣವನ್ನು ಮಲಗಿಸುವುದಿಲ್ಲ, ಪದ್ಮಾಸನ ಹಾಕಿಸಿ ಗೂಡಿನಲ್ಲಿ ಕೂಡಿಸುತ್ತಾರೆ. ಗೂಡು ಕೊರೆದವನು ತಾನೇ ಅದರೊಳಗೆ ಕೂತು ನೋಡಬೇಕು. ತಲೆ ತಾಗುತ್ತದೋ, ಬೆನ್ನಿಗೆ ಆನಿಕೆ ಇದೆಯೋ. ಅಗೆದು ಮುಗಿಸಿದ ಕುಣಿಗೆ ಹೆಣಕ್ಕಿಂತ ಮೊದಲು ಇಳಿದವರ ಮನೆಯಲ್ಲಿ ವರ್ಷದೊಳಗೆ ಇನ್ನೊಂದು ಕುಣಿ ಬೀಳುತ್ತದೆಂದು ಊರಿಗೆ ಅಂಜಿಕೆ. ಅದಕ್ಕೇ ಕೂತು ನೋಡುವ ಕೆಲಸವೂ ಹುಲಿಗೆಪ್ಪನ ಮನೆಗೇ. ಅವರ ಮನೆಯಲ್ಲಿ ಕುಣಿ ಬಿದ್ದರೆ ಬೀಳಲಿ.

ಕೆಂಚಪ್ಪ ಗೂಡಿನಲ್ಲಿ ಕೂರಲು ಹಿಂಜರಿದ. ಅವನಿಗೆ ಸಣ್ಣ ಮಕ್ಕಳಿದ್ದರು.

“ನೀ ಮ್ಯಾಲ ಹತ್ತು. ನಾ ಕುಂದರ್ತೇನಿ,” ಎಂದಳು ಮರೆವ್ವ.

ಕೂತಳು. ಕಾಲು ಮಡಚಿ, ಬೆನ್ನು ಆನಿಸಿ. ತಲೆಗೆ ಒಂದು ಗೇಣು ಜಾಗ ಉಳಿಯಿತು. ಗೂಡು ಸರಿಯಾಗಿತ್ತು.

ಬೆನ್ನ ಹಿಂದಿನ ಮಣ್ಣು ಬೆಚ್ಚಗಿತ್ತು. ಒಲೆಯ ಹಿಂದಿನ ಗೋಡೆಯ ಹಾಗೆ. ಇಂಥ ಎಷ್ಟು ಗೂಡುಗಳಲ್ಲಿ ಅವನು ಕೂತಿದ್ದನೋ. ನೂರಾದರೂ ಇರಬೇಕು. ಬದುಕಿರುವಾಗ ಕಂಡವರ ಒಣ ಗೂಡುಗಳಲ್ಲೆಲ್ಲ ಕೂತು ಎದ್ದು ಬಂದವನು, ಸತ್ತ ಮೇಲೆ ನೀರಿನಲ್ಲಿ ಮಲಗಿದ್ದಾನೆ. ಎದೆಯ ಮೇಲೆ ಕಲ್ಲು. ಅದನ್ನು ಹೊರಿಸಿದವಳು ತಾನು. ಮರೆವ್ವನ ಕಣ್ಣಿನಲ್ಲಿ ನೀರು ಬರಲಿಲ್ಲ. ಬಾಯಿ ಮಾತ್ರ ಉಪ್ಪಾಯಿತು.

ಏಳಬೇಕು ಎಂದುಕೊಂಡಳು. ಕಾಲು ಏಳಲಿಲ್ಲ. ಮತ್ತೊಮ್ಮೆ ಎಂದುಕೊಂಡಳು. ಆಮೇಲೆ, ಏಳುವುದಿಲ್ಲ ಎಂದುಕೊಂಡಳು. ಅಷ್ಟೇ. ಯಾರೂ ಹೇಳಿಕೊಟ್ಟದ್ದಲ್ಲ.

“ವೈನಿ, ಬಾಜಾ ಕೇಳಸಾಕತ್ತೈತಿ. ಬಂದ್ರು. ಏಳು.”

“ನಾ ಏಳೂದಿಲ್ಲೋ ಕೆಂಚಪ್ಪ. ಪೈಪಿನ ಬಾಯಿ ಮುಚ್ಚೂತನಕ ಏಳೂದಿಲ್ಲ.”

“ಹುಚ್ಚ ಹಿಡದೈತೇನು? ಕಡದ ಹಾಕ್ತಾರ!”

“ಕಡದ ಎಲ್ಲಿ ಹಾಕ್ತಾರ? ನಾ ಕುಣಿಯಾಗ ಅದೇನಿ.”

ಭಜನೆಯ ತಾಳ ಹತ್ತಿರ ಬಂತು. ಬಾಳೆಕಂಬ ಕಟ್ಟಿ, ಹೂವು ಮುಚ್ಚಿದ ವಿಮಾನದಲ್ಲಿ ಸುಶೀಲವ್ವ ಕೂತು ಬಂದಳು. ಹಣೆಯ ತುಂಬ ವಿಭೂತಿ, ಗದ್ದಕ್ಕೆ ಬಟ್ಟೆಯ ಕಟ್ಟು. ವಿಮಾನವನ್ನು ಕುಣಿಯ ಬಾಯಿಯ ಎದುರಿಗೇ ಇಳಿಸಿದರು. ಮೇಲೆ ಸತ್ತವಳು ಕೂತಿದ್ದಳು. ಕೆಳಗೆ ಬದುಕಿದವಳು ಕೂತಿದ್ದಳು. ಇಬ್ಬರೂ ಒಂದೇ ಆಸನದಲ್ಲಿ.

ತಾಳ ಒಂದೊಂದಾಗಿ ನಿಂತಿತು.

“ಏ ಮರೆವ್ವ, ಎದ್ದ ಬಾ,” ಎಂದ ಶಂಭುಲಿಂಗಪ್ಪ. ಇನ್ನೂ ಅವನಿಗೆ ತಿಳಿದಿರಲಿಲ್ಲ.

“ಪೈಪಿನ ಬಾಯಿ ಮುಚ್ಚಸ್ರಿ ಸಾವ್ಕಾರ್ರ. ಏಳ್ತೇನಿ.”

ನಾಲ್ಕೂ ಕಡೆಯಿಂದ ಬಾಯಿ ಎದ್ದವು. ಸೊಕ್ಕು ನೋಡ್ರಿ ಸೊಕ್ಕು. ರಟ್ಟೆ ಹಿಡಿದು ಎಳೀರಿ. ಹಿಡಿಯಲು ಯಾರೂ ಇಳಿಯಲಿಲ್ಲ. ಅಂಚಿಗೆ ಬಂದ ಕಾಲುಗಳು ಅಂಚಿನಲ್ಲೇ ನಿಂತವು. ಪ್ರತಿಯೊಬ್ಬನಿಗೂ ಮನೆಯಲ್ಲಿ ಒಬ್ಬ ಮುದುಕ, ಒಬ್ಬ ಬಸುರಿ, ಒಂದು ಕೂಸು ನೆನಪಾಯಿತು.

“ಹೆಣದ ಜೋಡಿ ಇಳದ್ರ ದೋಷ ಇಲ್ಲ,” ಎಂದು ಹಿಂದಿನಿಂದ ಒಬ್ಬ ಕೂಗಿದ. “ಆಯೀನ್ನ ಇಳಸೇ ಬಿಡ್ರಿ.”

“ಇಳಸ್ರಿ,” ಎಂದಳು ಮರೆವ್ವ. “ಬಾಜೂಕ ಕುಂದರಿಸ್ಕೋತೇನಿ. ಇಬ್ಬರಿಗೂ ಜಾಗಾ ಐತಿ.”

ವಿಮಾನಕ್ಕೆ ಕೈ ಹಾಕಿದ್ದವರು ಕೈ ತೆಗೆದರು.

ಒಬ್ಬ ಹುಡುಗ ರೋಷಕ್ಕೆ ಒಂದು ಸಲಿಕೆ ಮಣ್ಣು ಎತ್ತಿ ಒಗೆದ. ಅದು ಅವಳ ತಲೆಯ ಮೇಲೆ ಬಿತ್ತು, ಕಣ್ಣಿಗೆ, ಬಾಯಿಗೆ. ಅವಳು ಕೊಡವಿಕೊಳ್ಳಲಿಲ್ಲ. ಇನ್ನೊಂದು ಎತ್ತಿದ. ಪೂಜೆಗೆ ಬಂದಿದ್ದ ಅಯ್ಯನವರು ಅವನ ಕೈ ಹಿಡಿದರು. “ಹೆಣಾ ಇಡದ ಕುಣಿಗೆ ಮಣ್ಣ ಹಾಕಬಾರದು.” ಅವಳಿಗಾಗಿ ಹಿಡಿದದ್ದಲ್ಲ.

ಆಮೇಲೆ ಅಯ್ಯನವರು ಅಂಚಿಗೆ ಕುಕ್ಕರಿಸಿ ಮೆತ್ತಗೆ ಮಾತಾಡಿದರು. “ಮರೆವ್ವ, ಭಕ್ತಿ ಇರೂವಾಕಿ ನೀನು. ಪುರಾಣ ಹಚ್ಚಿದಾಗೆಲ್ಲ ಮಠದ ಗ್ವಾಡಿ ಬಾಜೂಕ ನಿಂತಿರ್ತಿದ್ದಿ, ನಾ ನೋಡೇನಿ. ಇದು ಚಲೋ ಅಲ್ಲ.”

“ಗ್ವಾಡಿ ಬಾಜೂಕ ಅಲ್ರಿ ಅಯ್ಯಾರ. ಗ್ವಾಡಿ ಹೊರಗ.” ಅವಳ ದನಿ ಏರಲಿಲ್ಲ. “ಇಪ್ಪತ್ತು ವರ್ಷ ನಿಂತ ಕೇಳೇನಿ. ಮಳಿ ಬಂದ್ರೂ ಕೇಳೇನಿ. ಈ ಮೈ ಮಣ್ಣಿಂದು, ಮಣ್ಣಿಗೆ ಕೂಡೂದು ಅಂತ ನೀವ ರಾಗ ಮಾಡಿ ಹೇಳ್ತಿದ್ರಿ. ನಂಗ ಬಾಯಿಪಾಠ ಬರ್ತೈತಿ. ನನ್ನ ಗಂಡ ಮಣ್ಣಿಗೆ ಕೂಡಿಲ್ರಿ. ತಗ್ಗಿನ್ಯಾಗ ನೀರಾಗ ಅದಾನ. ಅವಂದು ಮೈ ಮಣ್ಣಿಂದ ಅಲ್ಲೇನ್ರಿ?”

ಅಯ್ಯನವರು ಮೊಣಕಾಲಿಗೆ ಕೈಯೂರಿ ಎದ್ದರು. ಶಾಸ್ತ್ರಕ್ಕೆಂದು ತಂದಿದ್ದ ಉಪ್ಪಿನ ಚೀಲ ಅವರ ಕಾಲಬಳಿ ಇತ್ತು. ಮರೆವ್ವ ಅದನ್ನು ನೋಡಿದಳು.

“ನಿಮ್ಮ ಹೆಣಕ್ಕ ಉಪ್ಪು ಅಂಗಡಿಯಿಂದ ತರ್ತೀರಿ. ನಮ್ಮ ಹೆಣಕ್ಕ ಉಪ್ಪು ಸಾವ್ಕಾರ್ರ ಹೊಲದಿಂದ ತಾನ ಹರದ ಬರ್ತೈತಿ.”

ಹೇಮಂತ ಮೊಬೈಲು ತೆಗೆದ. ಪೊಲೀಸರನ್ನು ಕರೆಸುತ್ತೇನೆ ಎಂದ. ಶಂಭುಲಿಂಗಪ್ಪ ಅವನ ಮುಂಗೈ ಒತ್ತಿ ಹಿಡಿದ. “ಬಂದವರು ಬರೇ ಇಕೀನ್ನ ನೋಡಿ ಹೋಗ್ತಾರೇನು? ತಗ್ಗಿಗೂ ಹೋಗಿ ನೋಡ್ತಾರ. ಕೇಸ್ ಬೀಳೂದು ಯಾರ ಮ್ಯಾಲ, ತಿಳೀತೈತೇನು ನಿಂಗ?” ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ: “ಈ ಕುಣಿ ಇಕಿಗೇ ಇರ್ಲಿ. ಸಮಾಧಿ ಸಂದ್ಯಾಗ ಜೆಸಿಬಿ ಇಲ್ಲಿ ಹಾಯೂದಿಲ್ಲ, ನಮ್ಮವ್ವಗ ನಮ್ಮ ಹೊಲ ಐತಿ. ರಮಜಾನಗ ಫೋನ್ ಹಚ್ಚು. ಜೆಸಿಬಿ ತರ್ಲಿ. ಪಾದ ಗೀದ ಏನೂ ಬ್ಯಾಡ.”

ರಮಜಾನ್ ಅಣ್ಣಿಗೇರಿಯವನು. ಪೈಪು ಹೂಳುವಾಗ ಚರ ತೋಡಿದವನೂ ಅವನೇ. ಆ ದಿನ ಪಕ್ಕದ ರಸ್ತೆಯ ಕೆಲಸದಲ್ಲಿದ್ದ. ಹೊಲದಲ್ಲಿ ಅವನ ಯಂತ್ರ ಗುಡುಗಿದ್ದು ದಿಬ್ಬದವರೆಗೆ ಕೇಳಿಸಿತು. ಜನ ಅಲ್ಲೇ ಕೂತು ಕಾಯ್ದರು. ಬಿಸಿಲು ಓರೆಯಾಗಿ ಕುಣಿಯ ಒಂದು ಗೋಡೆ ನೆರಳಿಗೆ ಹೋಯಿತು.

ಮರೆವ್ವ ಮೇಲೆ ನೋಡಿದಳು. ಸುಶೀಲವ್ವನ ತಲೆ ತುಸು ಮುಂದಕ್ಕೆ ಬಾಗಿತ್ತು. ಈ ಮುದುಕಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದಾಗ, ಊರ ಬಾವಿಗಳೆಲ್ಲ ಸವಳು. ಸಿಹಿ ನೀರು ಕೆರೆಯಲ್ಲಿ ಮಾತ್ರ. ಕೇರಿಯವರು ಕೆರೆಯ ಮೆಟ್ಟಿಲು ತುಳಿಯುವಂತಿರಲಿಲ್ಲ. ಮೇಲೆ ನಿಂತು, ಯಾರಾದರೂ ಒಂದು ಕೊಡ ಹಾಕ್ರೆವ್ವಾ ಎಂದು ಕೂಗಬೇಕಿತ್ತು. ಅರ್ಧ ದಿನ ನಿಂತದ್ದಿದೆ. ಸುಶೀಲವ್ವ ಹಾಕುತ್ತಿದ್ದಳು. ಎತ್ತರದಿಂದ, ತಾಕದ ಹಾಗೆ, ಅರ್ಧ ನೀರು ಮರೆವ್ವನ ಮೈಮೇಲೆ ಸುರಿಯುವ ಹಾಗೆ. ಆದರೂ ಹಾಕುತ್ತಿದ್ದಳು. ಒಮ್ಮೆ “ಬಸುರಿ ಇದ್ದೀ ಏನಬೇ?” ಎಂದು ಕೇಳಿ, ಕೊಡ ತುಂಬಿದ ಮೇಲೆ ಇನ್ನೊಂದು ತಂಬಿಗೆ ಸುರಿದಿದ್ದಳು.

‘ಯವ್ವಾ, ನೀ ತುಸು ತಡಕೋ,’ ಎಂದು ಮರೆವ್ವ ಮನಸ್ಸಿನಲ್ಲೇ ಹೇಳಿದಳು. ‘ಒಂದ ದಿನ ನೀ ನಿಂದರು.’

ಬೆನ್ನ ಹಿಂದೆ ಯಾರೋ ಉಸಿರೆಳೆದ ಹಾಗಾಯಿತು. ಅವಳು ತಿರುಗಲಿಲ್ಲ.

ಯಂತ್ರದ ಸದ್ದು ನಿಂತಿತು. ರಮಜಾನ್ ಹೊಲದಿಂದ ನಡೆದು ಬಂದ. ಮೊಣಕಾಲಿನವರೆಗೆ ಕರಿ ರಾಡಿ.

“ಸಾವ್ಕಾರ್ರ, ನೀರ ಬಂತ್ರಿ.”

“ಪೈಪು ಅದಾವಲ್ಲೋ!”

“ಪೈಪು ಮೂರ ಫೂಟಿಗೆ ಅದಾವ್ರಿ. ಅದರ ಮ್ಯಾಲಿಂದು ಅಷ್ಟ ಬಸಿತಾವು. ಕೆಳಗ ಬರೇ ನೀರ್ರಿ. ಮೂರ ಕಡೆ ತೋಡಿ ನೋಡಿದ್ನಿ. ನಾಲಿಗಿಗೂ ಹಚ್ಚಿ ನೋಡಿದ್ನಿ. ಅಗದಿ ಸವಳು.” ಅವನು ತಲೆ ತಗ್ಗಿಸಿದ. “ದೊಡ್ಡ ಜೀವ. ಅದರಾಗ ಇಡಬ್ಯಾಡ್ರಿ.”

ಶಂಭುಲಿಂಗಪ್ಪ ತಾಯಿಯ ಕಡೆ ನೋಡಿದ. ಆಮೇಲೆ ಕುಣಿಯ ಅಂಚಿಗೆ ಬಂದು, ಜೀವಮಾನದಲ್ಲಿ ಮೊದಲ ಸಲ ಮರೆವ್ವನ ಎದುರು ಕುಕ್ಕರಿಸಿದ.

“ಅವ್ವನ್ನ ನೀರಾಗ ಇಡಾಕ ಆಗೂದಿಲ್ಲ ಮರೆವ್ವ.”

ಅಂದು ಕಟ್ಟೆಯ ಮೇಲೆ ಅವನು ಆಡಿದ್ದ ಮಾತು ಅವಳ ನಾಲಿಗೆಯ ತುದಿಗೆ ಬಂತು. ಆಡಲಿಲ್ಲ. ಮುದುಕಿ ಕೇಳಿಸಿಕೊಳ್ಳುತ್ತಿದ್ದಳು.

“ಹೌದ್ರಿ. ಇಡಬಾರದು,” ಎಂದಳು.

“ನಾಳೆ ಬಂದೋಬಸ್ತ ಮಾಡೂಣು. ಖರೇ ಹೇಳ್ತೇನಿ. ನಾಳೆ ಮುಚ್ಚೂಣು.”

“ಹಂಗಾರ ಆಯೀನ್ನೂ ನಾಳೆ ಹೂಳೂಣ್ರಿ.”

ಯಾರೋ ಒಬ್ಬ ಹೆಂಗಸು ಅತ್ತಳು. ಮೊದಲಿನಿಂದ ಅಳುತ್ತಿದ್ದವಳೋ, ಈಗ ಅತ್ತಳೋ ತಿಳಿಯಲಿಲ್ಲ. ಹೊತ್ತು ಮುಳುಗಲು ಒಂದು ಮಾರು ಉಳಿದಿತ್ತು, ಮುಳುಗಿದ ಮೇಲೆ ಹೂಳುವಂತಿಲ್ಲ. ಶಂಭುಲಿಂಗಪ್ಪ ಎದ್ದ. ರಮಜಾನನಿಗೆ ತಗ್ಗಿನ ಕಡೆ ಕೈಸನ್ನೆ ಮಾಡಿದ.

“ಕೆಂಚಪ್ಪ, ನೀ ಜೋಡಿ ಹೋಗು,” ಎಂದು ಮರೆವ್ವ ಕೆಳಗಿನಿಂದ ಕೂಗಿದಳು. “ನೀ ಬಂದು ಹೇಳಿದ್ರ ನಾ ನಂಬ್ತೇನಿ.”

ಯಂತ್ರ ಮತ್ತೆ ಗುಡುಗಿತು. ಈ ಸಲ ತಗ್ಗಿನ ಕಡೆಗೆ. ಹೊತ್ತು ಇನ್ನೂ ಗೇಣುದ್ದ ಇರುವಾಗ ಕೆಂಚಪ್ಪ ಏದುಸಿರು ಬಿಡುತ್ತ ಓಡಿ ಬಂದ.

“ಮುಚ್ಯಾರ ವೈನಿ. ಬಾಯಾಗ ಸಿಮೆಂಟ ಚೀಲ ಜಡದು, ಮ್ಯಾಲ ಎಂಟ ಬಕೆಟ್ ಮಣ್ಣು ಹೇರ್ಯಾನ ರಮಜಾನ್. ನಾ ಕಿವಿ ಕೊಟ್ಟ ಕೇಳಿದ್ನಿ. ನೀರ ನಿಂತೈತಿ.”

ಮರೆವ್ವ ಎದ್ದಳು. ಕಾಲು ಜೋಮು ಹಿಡಿದಿತ್ತು. ಗೋಡೆಗೆ ಕೈ ಕೊಟ್ಟು, ತಾನೇ ಕಡಿದ ಮೆಟ್ಟಿಲು ತುಳಿದು ಮೇಲೆ ಬಂದಳು. ಯಾರೂ ಕೈ ಕೊಡಲಿಲ್ಲ. ಅವಳೂ ಚಾಚಲಿಲ್ಲ. ಜನ ಸರಿದು ದಾರಿ ಬಿಟ್ಟರು. ಮಣ್ಣು ಮೆತ್ತಿದ ಅವಳ ಮುಖವನ್ನು ನೋಡಲಾರದೆ ಅತ್ತ ಇತ್ತ ನೋಡಿದರು.

ಸುಶೀಲವ್ವನನ್ನು ಇಳಿಸಿ ಕೂಡಿಸಿದರು. ಪತ್ರಿ ಹಾಕಿದರು, ವಿಭೂತಿ ಹಾಕಿದರು, ಉಪ್ಪು ಸುರಿದರು. ಇಳಿದವರು ಮೇಲೆ ಬಂದರು. ಎಲ್ಲರೂ ಮರೆವ್ವನ ಕಡೆ ತಿರುಗಿದರು. ಕುಣಿ ಮುಚ್ಚುವುದೂ ಆ ಮನೆಯ ಕೆಲಸವೇ.

ಮರೆವ್ವ ಸಲಿಕೆಯನ್ನು ಎತ್ತಿಕೊಂಡು ಬಂದು ಶಂಭುಲಿಂಗಪ್ಪನ ಕಾಲ ಮುಂದೆ ಇಟ್ಟಳು.

“ನಿಮ್ಮ ಅವ್ವ. ನೀವ ಮುಚ್ರಿ. ಇನ್ನ ಮ್ಯಾಲ ನಮ್ಮ ಮನೀಯವರು ಯಾರ ಕುಣಿಯಾಗೂ ಕುಂದರೂದಿಲ್ಲ.”

ತಿರುಗಿದಳು. ಕೆಂಚಪ್ಪ ಹಾರೆ ಹೆಗಲಿಗೇರಿಸಿ ಅವಳ ಹಿಂದೆ ಬಂದ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹೇಮಂತ ಕೂಗಿದ.

“ನಾಳೆ ಹೊತ್ತ ಹುಟ್ಟೂದ್ರಾಗ ಆ ಪೈಪಿನ ಬಾಯಿ ತಗಸ್ತೇನಿ, ನೋಡ್ತಿರು!”

ಮರೆವ್ವ ನಿಂತಳು. ದಿಬ್ಬದ ಮೇಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು, ಮುದುಕರನ್ನು, ಮುದುಕಿಯರನ್ನು, ಶಂಭುಲಿಂಗಪ್ಪನ ನರೆತ ತಲೆಯನ್ನು.

“ತಗಸ್ರಿ,” ಎಂದಳು. “ಒಣಾ ಕುಣಿ ಬೇಕಾಗೂ ಮಂದಿ ನಿಮ್ಮ ಮನ್ಯಾಗ ಇನ್ನೂ ಅದಾರ.”

ಹೇಮಂತ ಮುಂದಕ್ಕೆ ನುಗ್ಗಿದ. ಶಂಭುಲಿಂಗಪ್ಪ ಅವನ ಎದೆಗೆ ಕೈ ಒಡ್ಡಿ ತಡೆದ.

“ಸುಮ್ಮನಿರಲೇ,” ಎಂದ. “ಸಲಕಿ ತೊಗೋ.”